ಚಿಕ್ಕಬೋರಮ್ಮನ ಸೈಕಲ್ಲಿಗೆ ಪೆಡಲ್ ಇಲ್ಲ

"ಸಾ, ಅವಳ ಸೈಕಲ್‌ಗೆ ಪೆಡ್ಲೇ ಇಲ್ಲ ಸಾ!"

ಅಪ್ಪು ಬೆಂಚಿನ ಮೇಲೆ ಎದ್ದು ನಿಂತು ಹೇಳಿದ. ಹೇಳಿದ ಎನ್ನುವುದು ಮರ್ಯಾದೆಯ ಮಾತು, ಡಂಗುರ ಹೊಡೆದ. ಏಳನೇ ಕ್ಲಾಸಿನ ಇಪ್ಪತ್ತೆಂಟು ಮಕ್ಕಳೂ ಒಟ್ಟಿಗೆ ನಕ್ಕರು. ಮಗ್ಗಿ ಹೇಳುವಾಗ ಈ ಒಗ್ಗಟ್ಟು ಒಂದು ದಿನವೂ ಕಂಡಿರಲಿಲ್ಲ.

ನಯನ ಮಾತ್ರ ನಗಲಿಲ್ಲ. ಅವಳ ಕೈ ಇನ್ನೂ ಮೇಲೆಯೇ ಇತ್ತು. "ಸ್ಲೋ ಸೈಕಲ್ ರೇಸ್‌ಗೆ ಯಾರ್ಯಾರು ಸೇರ್ತೀರ?" ಎಂದು ಪಿ.ಟಿ. ಮೇಷ್ಟ್ರು ಜಯಪ್ರಕಾಶ್ ಸರ್ ಕೇಳಿದ ಕೂಡಲೇ ಎಲ್ಲರಿಗಿಂತ ಮೊದಲು ಎತ್ತಿದ ಕೈ ಅದು.

"ಪೆಡಲ್ ಇಲ್ವಾ?" ಸರ್ ಹುಬ್ಬು ಏರಿಸಿದರು.

"ಚೈನೂ ಇಲ್ಲ ಸಾ, ಸೀಟೂ ಇಲ್ಲ" ಎಂದಳು ಮುಂದಿನ ಬೆಂಚಿನ ಗಗನ.

"ಮತ್ತೆ ಇರೋದೇನಮ್ಮ?"

"ಬೆಲ್ ಇದೆ ಸಾ" ಎಂದಳು ನಯನ.

ಕ್ಲಾಸು ಇನ್ನೊಂದು ಸುತ್ತು ನಕ್ಕಿತು. ಈ ಸಲ ಸರ್ ಕೂಡ ಸೇರಿಕೊಂಡರು.

ವಿಷಯ ಇಷ್ಟೇ. ಬುಧವಾರ ಶಾಲೆಯಲ್ಲಿ ಸೈಕಲ್ ದಿನ. ಮದ್ದೂರಿನಿಂದ ಮುಖ್ಯ ಅತಿಥಿಗಳು ಕಾರಿನಲ್ಲಿ ಬಂದು, ಸೈಕಲ್ ಎಷ್ಟು ಒಳ್ಳೆಯದು ಎಂದು ಹೇಳಿ, ಕಾರಿನಲ್ಲೇ ವಾಪಸ್ ಹೋಗುವ ದಿನ. ಅವರ ಮುಂದೆ ಮಕ್ಕಳ ಸ್ಲೋ ಸೈಕಲ್ ರೇಸ್ ನಡೆಯಬೇಕು. ಎಲ್ಲರಿಗಿಂತ ಕೊನೆಗೆ ಬಂದವರು ಗೆದ್ದಂತೆ. ನಡುವೆ ಕಾಲು ನೆಲಕ್ಕೆ ಊರಿದರೆ ಔಟ್.

"ಅವರವರ ಮನೆ ಸೈಕಲ್ಲೇ ತರ್ಬೇಕು. ಕಡ ತಂದಿದ್ದು ನಡೆಯಲ್ಲ" ಎಂದರು ಸರ್. ಹೋದ ವರ್ಷ ಯಾರೋ ಕಡ ತಂದ ಸೈಕಲ್ಲಿನ ಹ್ಯಾಂಡಲ್ ಸೊಟ್ಟಗಾಗಿ, ಎರಡು ಮನೆಯವರು ಶಾಲೆಯ ಗೇಟಿನ ಮುಂದೆ ಒಂದು ವಾರ ಜಗಳ ಆಡಿದ್ದರು. ಆ ಜಗಳದಿಂದ ಹುಟ್ಟಿದ್ದು ಈ ರೂಲ್ಸು.

"ಬುಧವಾರದೊಳಗೆ ಪೆಡಲ್ ಹುಟ್ಟಿದ್ರೆ ಬಾಮ್ಮ" ಎಂದು ಹೇಳಿ ಸರ್ ಅವಳ ಹೆಸರನ್ನು ಪಟ್ಟಿಗೆ ಸೇರಿಸಿದರು. ಉಳಿದವರ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದರು. ಅವಳದನ್ನು ಪೆನ್ಸಿಲ್ಲಿನಲ್ಲಿ ಬರೆದರು.

ನಗುವವರು ನಗಲಿ, ಒಂದು ಸಂಗತಿ ಎಲ್ಲರಿಗೂ ಗೊತ್ತಿತ್ತು. ಇಡೀ ಶಾಲೆಯಲ್ಲಿ ನಯನಳಷ್ಟು ನಿಧಾನವಾಗಿ ಸೈಕಲ್ ಓಡಿಸುವವರು ಯಾರೂ ಇರಲಿಲ್ಲ. ಅವಳು ಓಡಿಸುತ್ತಿದ್ದದ್ದೆಲ್ಲ ಬೇರೆಯವರ ಸೈಕಲ್ಲು. "ಒಂದೇ ಒಂದು ರೌಂಡು ಕಣೇ" ಎಂದು ಹೇಳಿಯೇ ಕೊಡುತ್ತಿದ್ದರು. ಒಂದೇ ರೌಂಡು ಸಿಗುವಾಗ ಬೇಗ ಓಡಿಸಿ ಮುಗಿಸಲು ಅವಳಿಗೇನು ತಲೆ ಕೆಟ್ಟಿದೆಯೇ? ಬೆಲ್ಲದ ಚೂರನ್ನು ಬಾಯಲ್ಲಿಟ್ಟು ಚೀಪುವ ಹಾಗೆ ನಯನ ಆ ಒಂದು ರೌಂಡನ್ನು ಚೀಪುತ್ತಿದ್ದಳು. ಬ್ಯಾಲೆನ್ಸು ತಾನಾಗಿ ಬಂದಿತ್ತು.

ಉಳಿದವರ ಸೈಕಲ್ಲುಗಳ ವೈಭವ ಕೇಳಬೇಡಿ. ಅಪ್ಪುವಿನದು ಗೇರ್ ಸೈಕಲ್ಲು. ಇಪ್ಪತ್ತೊಂದು ಗೇರು. ಅದರಲ್ಲಿ ಅಪ್ಪು ಬಳಸುವುದು ಒಂದು, ಉಳಿದ ಇಪ್ಪತ್ತನ್ನು ಅವರಪ್ಪ ಟೀ ಅಂಗಡಿಯಲ್ಲಿ ಹೇಳಿಕೊಳ್ಳಲು ಬಳಸುತ್ತಿದ್ದರು. ಸ್ಟೈಲಿಗೆ ಅಡ್ಡ ಬರುತ್ತದೆಂದು ಮಡ್‌ಗಾರ್ಡನ್ನು ಬಿಚ್ಚಿಸಿದ್ದ. ಆದ್ದರಿಂದ ಮಳೆ ಬಂದ ದಿನವೆಲ್ಲ ಅಪ್ಪುವಿನ ಬೆನ್ನಿನ ಮೇಲೆ ಕೆಸರಿನ ಒಂದು ಪಟ್ಟೆ ಇರುತ್ತಿತ್ತು.

ಗಗನಳ ಸೈಕಲ್ಲು ಗುಲಾಬಿ ಬಣ್ಣದ್ದು. ಮುಂದೆ ಬುಟ್ಟಿ, ಬುಟ್ಟಿಗೆ ಪ್ಲಾಸ್ಟಿಕ್ ಹೂವು, ಎರಡು ಕಡೆ ಕನ್ನಡಿ. ಆ ಕನ್ನಡಿಯಲ್ಲಿ ಹಿಂದಿನ ಗಾಡಿ ಒಂದು ದಿನವೂ ಕಂಡದ್ದಿಲ್ಲ. ಗಗನ ಮಾತ್ರ ಚೆನ್ನಾಗಿ ಕಾಣುತ್ತಿದ್ದಳು.

ಇನ್ನು ಚಿಕ್ಕಬೋರಮ್ಮನ ಸೈಕಲ್ಲು. ಚಿಕ್ಕಬೋರಮ್ಮ ಎಂದರೆ ನಯನಳ ಅಜ್ಜಿ. ಸೈಕಲ್ಲು ತಾತನದು, ತಾತ ತೀರಿಕೊಂಡು ಆರು ವರ್ಷ. ಅಜ್ಜಿ ಹುಟ್ಟಿದಾಗಿನಿಂದ ಒಂದು ದಿನವೂ ಸೈಕಲ್ ಹತ್ತಿದವಳಲ್ಲ. ಆದರೂ ಊರಿನಲ್ಲಿ ಅವಳಷ್ಟು ಸೈಕಲ್ ಬಳಸುವವರು ಬೇರೆ ಇರಲಿಲ್ಲ. ಅವಳು ಅದನ್ನು ತಳ್ಳುತ್ತಿದ್ದಳು.

ಸೀಟು ಇದ್ದ ಜಾಗದಲ್ಲಿ ಒಂದು ಹಲಗೆ. ಹ್ಯಾಂಡಲ್ಲಿನಿಂದ ಕ್ಯಾರಿಯರ್‌ವರೆಗೆ ಉದ್ದಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದು. ಕ್ಯಾರಿಯರ್‌ನ ಎರಡು ಕಡೆ ಎರಡು ಕಬ್ಬಿಣದ ಕೊಕ್ಕೆ. ಕೊಕ್ಕೆಗೆ ಒಂದೊಂದು ನೀರಿನ ಕ್ಯಾನು, ಹಲಗೆಯ ಮೇಲೆ ಇನ್ನೊಂದು. ಸ್ಟ್ಯಾಂಡು ಆ ಭಾರ ತಡೆಯದೆ ಎಂದೋ ಮುರಿದಿತ್ತು. ಅದರ ಬದಲು ಒಂದು ಕವೆಗೋಲು. ನಿಲ್ಲಿಸಬೇಕಾದಾಗ ಆ ಕವಲು ಕೋಲನ್ನು ಹಲಗೆಯ ಕೆಳಗೆ ಕೊಟ್ಟರೆ ಸೈಕಲ್ಲು ಅಲ್ಲಾಡದೆ ನಿಲ್ಲುತ್ತಿತ್ತು. ಎಡಗಡೆ ಹಿಡಿಗೆ ಹಳೆ ಸೀರೆಯ ಬಟ್ಟೆ ಸುತ್ತಿತ್ತು.

ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ ಊರಾಚೆಯ ಫಿಲ್ಟರ್ ನೀರಿನ ಘಟಕದ ಬಾಗಿಲು ತೆಗೆಯುತ್ತಿತ್ತು. ಒಂದು ಗಂಟೆ ಹೊತ್ತು, ಅಷ್ಟೇ. ನೀರು ಬಿಡುವ ಶಿವರಾಮು ಗಡಿಯಾರ ನೋಡಿ ಬೀಗ ಹಾಕುವ ಮನುಷ್ಯ. ಅವನ ಜೀವನದಲ್ಲಿ ಸಮಯಕ್ಕೆ ಸರಿಯಾಗಿ ನಡೆಯುತ್ತಿದ್ದ ಕೆಲಸ ಅದೊಂದೇ. ಅಜ್ಜಿ ಆ ಹೊತ್ತಿನಲ್ಲಿ ತಮ್ಮ ಮನೆಗೂ, ನಡೆಯಲಾಗದ ಮುದುಕರಿದ್ದ ಐದು ಮನೆಗೂ ನೀರು ತರುತ್ತಿದ್ದಳು. ಮೂರು ಮೂರು ಕ್ಯಾನಿನಂತೆ ಎರಡು ಸಲ ತಳ್ಳಿದರೆ ಮುಗಿಯಿತು. ಬದಲಿಗೆ ಒಬ್ಬರ ಮನೆಯಿಂದ ಮಜ್ಜಿಗೆ, ಇನ್ನೊಬ್ಬರ ಮನೆಯಿಂದ ನುಗ್ಗೆಕಾಯಿ, ಎಲ್ಲರ ಮನೆಯಿಂದ ಊರಿನ ಸುದ್ದಿ.

ನಯನ ಎರಡು ದಿನ ಲೆಕ್ಕ ಹಾಕಿದಳು. ರೇಸು ಮಧ್ಯಾಹ್ನ ಎರಡು ಗಂಟೆಗೆ. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಅಜ್ಜಿಯ ಸೈಕಲ್ಲು ಗೋಡೆಗೆ ಒರಗಿಕೊಂಡು ಸುಮ್ಮನೆ ಇರುತ್ತದೆ. ಊಟದ ಬೆಲ್ಲಿಗೆ ಹೋಗಿ ತಂದು, ಪೆಡಲ್ ಹಾಕಿಸಿ, ರೇಸು ಗೆದ್ದು, ಪೆಡಲ್ ಬಿಚ್ಚಿಸಿ, ಹಲಗೆ ಕೂರಿಸಿ, ನಾಲ್ಕು ಗಂಟೆಯೊಳಗೆ ಗೋಡೆಗೆ ಒರಗಿಸಿಬಿಟ್ಟರೆ ಅಜ್ಜಿಗೆ ಗೊತ್ತೇ ಆಗುವುದಿಲ್ಲ. ಪ್ಲಾನು ಬಹಳ ಚೆನ್ನಾಗಿತ್ತು. ಪ್ಲಾನುಗಳೆಲ್ಲ ಹಾಗೆಯೇ ಇರುತ್ತವೆ.

ಬುಧವಾರ ಊಟದ ಬೆಲ್ಲಿಗೆ ಮನೆಗೆ ಓಡಿದಳು. ಅಮ್ಮ ಗಾರ್ಮೆಂಟ್ಸ್ ವ್ಯಾನಿನಲ್ಲಿ ಬೆಳಿಗ್ಗೆಯೇ ಹೋಗಿದ್ದಳು. ಅಪ್ಪ ಲಾರಿ ತೆಗೆದುಕೊಂಡು ಎಲ್ಲಿಗೋ ಹೋಗಿದ್ದ. ಅಜ್ಜಿ ಜಗಲಿಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಳು. ನಯನ ಉಸಿರು ಹಿಡಿದುಕೊಂಡು ಸೈಕಲ್ ತಳ್ಳಿದಳು.

ಚಿಕ್ಕಮಾದುವಿನ ಸೈಕಲ್ ಶಾಪು ಮಳವಳ್ಳಿ ರಸ್ತೆಯ ಪಕ್ಕದ ಹುಣಸೆಮರದ ಕೆಳಗಿತ್ತು. ಅವನು ಕೆಂಪಸಿದ್ದಯ್ಯನವರ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಆ ಸೈಕಲ್ಲಿಗೆ ಮೂರು ಬೀಗ. ಸೈಕಲ್ಲಿಗಿಂತ ಬೀಗದ ತೂಕವೇ ಹೆಚ್ಚು. ಕದ್ದವನು ಹೊತ್ತುಕೊಂಡು ಹೋದರೂ ಅರ್ಧ ದಾರಿಯಲ್ಲಿ ಸಾಕಾಗಿ ಇಟ್ಟು ಹೋಗಬೇಕು. ಪಕ್ಕದಲ್ಲಿ ಡೈರಿಗೆ ಹಾಲು ಹಾಕುವ ದೊಡ್ಡಸಿದ್ದಯ್ಯನವರ ಸೈಕಲ್ಲು. ಅದರಲ್ಲಿ ಬೆಲ್ ಇರಲಿಲ್ಲ. ಕ್ಯಾನುಗಳ ಗಡಗಡ ಸದ್ದೇ ಸಾಕು, ಬೆಲ್ ಯಾಕೆ ದಂಡಕ್ಕೆ ಎನ್ನುವುದು ಅವರ ವಾದ.

"ಚಿಕ್ಕಮಾದಣ್ಣ, ಇದಕ್ಕೆ ಪೆಡಲ್ಲು, ಚೈನು, ಸೀಟು ಹಾಕ್ಕೊಡು. ಒಂದು ರೇಸಿಗೆ ಅಷ್ಟೇ. ಆಮೇಲೆ ಬಿಚ್ಕೊಂಬುಡು."

"ನಿಮ್ಮಜ್ಜಿ ಒಪ್ಪವ್ರಾ?"

"ಒಪ್ಪವ್ರೆ."

ಪಂಕ್ಚರ್ ಇಲ್ಲ ಎಂದು ಹೇಳಿಕೊಂಡು ಬಂದವರ ಟ್ಯೂಬನ್ನು ನೋಡುವಂತೆ ಚಿಕ್ಕಮಾದು ಅವಳ ಮುಖ ನೋಡಿದ. ಹಲಗೆ ಬಿಚ್ಚಿ ಗೋಡೆಗೆ ಇಟ್ಟ. ಮೂಲೆಯ ರಾಶಿಯಲ್ಲಿ ಹುಡುಕಿ ಎರಡು ಪೆಡಲ್ ತೆಗೆದ. ಒಂದು ಕಪ್ಪು, ಒಂದು ಬೂದು. ಸೀಟಿನ ಸ್ಪ್ರಿಂಗು ಕುಂತರೆ ಅಳುತ್ತಿತ್ತು, ಎದ್ದರೂ ಅಳುತ್ತಿತ್ತು. ಆದರೂ ನಯನ ಹತ್ತಿ ಕೂತು ಪೆಡಲ್ ತುಳಿದಾಗ ಸೈಕಲ್ಲು ಮುಂದೆ ಹೋಯಿತು. ತಮ್ಮ ಮನೆಯ ಸೈಕಲ್ಲು. ರೌಂಡು ಇಷ್ಟೇ ಎಂದು ಹೇಳುವವರು ಯಾರೂ ಇಲ್ಲ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಶಾಲೆಯ ಗೇಟು ದಾಟಿ ಮುಂದೆ ಹೋಗಿ ಮತ್ತೆ ತಿರುಗಿ ಬಂದಳು.

ಶಾಲೆಯಲ್ಲಿ ಶಾಮಿಯಾನ ಹಾಕಿದ್ದರು. ಮೈಕಿನಲ್ಲಿ "ಹಲೋ, ಹಲೋ, ಮೈಕ್ ಟೆಸ್ಟಿಂಗ್" ನಡೆದಿತ್ತು. ಎರಡು ಗಂಟೆಗೆ ಜಯಪ್ರಕಾಶ್ ಸರ್ ಮೈಕಿನಲ್ಲಿ ಹೇಳಿದರು: "ಅತಿಥಿಗಳು ಮದ್ದೂರು ಬಿಟ್ಟಿದ್ದಾರೆ."

ಮೂರು ಗಂಟೆಗೆ ಹೇಳಿದರು: "ಅತಿಥಿಗಳು ಮದ್ದೂರು ಬಿಡ್ತಾ ಇದ್ದಾರೆ."

ಮೂರೂವರೆಗೆ ಹೇಳಿದರು: "ಅತಿಥಿಗಳು ಇನ್ನೇನು ಮದ್ದೂರು ಬಿಡ್ತಾರೆ."

ಹೀಗೇ ಹೋದರೆ ಅತಿಥಿಗಳು ಮದ್ದೂರಿಗೆ ಇನ್ನೂ ಬಂದೇ ಇಲ್ಲ ಎನ್ನುವಲ್ಲಿಗೆ ಮುಟ್ಟುತ್ತದೆ ಎಂದು ನಯನಳಿಗೆ ಅನ್ನಿಸಿತು. ನಾಲ್ಕು ಗಂಟೆಗೆ ಸರ್ ಹತ್ತಿರ ಹೋದಳು.

"ಸಾ, ನಾನು ಮನೆಗೆ ಹೋಗ್ಬೇಕು. ಸೈಕಲ್ ಬೇಕು ಸಾ ಅಜ್ಜಿಗೆ. ರೇಸ್ ಮೊದ್ಲೇ ಮಾಡ್ಬುಡಿ ಸಾ."

"ಅತಿಥಿಗಳು ಇಲ್ದೆ ರೇಸ್ ಹೆಂಗಮ್ಮ ಮಾಡೋದು? ಇನ್ನು ಐದೇ ನಿಮಿಷ. ಹೋಗೋದಾದ್ರೆ ಹೋಗು, ಹೆಸರು ಅಳಿಸ್ತೀನಿ." ಸರ್ ಜೇಬಿನಿಂದ ರಬ್ಬರನ್ನೂ ತೆಗೆದರು. ಆ ಒಂದು ವಿಷಯದಲ್ಲಿ ಶಾಲೆ ಪೂರ್ತಿ ತಯಾರಾಗಿತ್ತು.

ನಯನ ಹೋಗಲಿಲ್ಲ. ಹೋಗಬೇಕಿತ್ತು ಎಂದು ಅವಳಿಗೂ ಗೊತ್ತಿತ್ತು. ಆದರೆ ಇಡೀ ಕ್ಲಾಸು ನಕ್ಕದ್ದು ಕಿವಿಯಲ್ಲೇ ಇತ್ತು. ಗೆದ್ದು ತೋರಿಸಬೇಕಿತ್ತು.

ನಾಲ್ಕೂ ಇಪ್ಪತ್ತಕ್ಕೆ ಉದ್ದನೆಯ ಬಿಳಿ ಕಾರು ಬಂತು. ಕಾರು ಶಾಮಿಯಾನದವರೆಗೂ ಬಂತು, ಅತಿಥಿಗಳಿಗೆ ಹತ್ತು ಹೆಜ್ಜೆ ನಡೆಯುವ ಕಷ್ಟ ತಪ್ಪಿತು. ಹಾರ ಹಾಕಿಸಿಕೊಂಡು ಅವರು ಮಾತಾಡಿದರು. "ಮಕ್ಕಳೇ, ಸೈಕಲ್ ತುಳಿಯಿರಿ. ಆರೋಗ್ಯವೇ ಭಾಗ್ಯ. ನಾನು ನಿಮ್ಮ ವಯಸ್ಸಿನಲ್ಲಿ..." ಎಂದು ಶುರುವಾದದ್ದು ಅವರ ವಯಸ್ಸಿಗೆ ಬಂದು ಮುಟ್ಟುವಷ್ಟರಲ್ಲಿ ಒಂದು ಗಂಟೆ ಕಳೆಯಿತು. ಡ್ರೈವರ್ ಕಾರಿನ ಎಂಜಿನ್ ಆಫ್ ಮಾಡಿರಲಿಲ್ಲ, ಕಾರಿನ ಒಳಗೆ ಬಿಸಿಯಾಗಬಾರದಲ್ಲ.

ರೇಸಿಗೆ ಸೀಟಿ ಊದಿದಾಗ ಐದೂವರೆ.

ಸುಣ್ಣದ ಗೆರೆಗಳ ನಡುವೆ ಐದು ಸೈಕಲ್ಲು. ಆರನೇ ಕ್ಲಾಸಿನ ಇಬ್ಬರು ಸೀಟಿಯ ಸದ್ದು ನಿಲ್ಲುವ ಮುಂಚೆಯೇ ಬಿದ್ದರು. ಅಪ್ಪು ನಿಧಾನವಾಗಿ ಹೋಗುವ ಗೇರು ಯಾವುದೆಂದು ಹುಡುಕಿದ. ಇಪ್ಪತ್ತೊಂದರಲ್ಲಿ ಏಳನೆಯದಕ್ಕೆ ಬರುವಷ್ಟರಲ್ಲಿ ಚೈನು ಕಳಚಿ ಕಾಲು ನೆಲಕ್ಕೆ ಊರಿತು. "ಗೇರ್ ಸರಿ ಇಲ್ಲ ಸಾ, ಇನ್ನೊಂದ್ಸಲ ಸಾ!" ಎಂದು ಅವನು ಕೂಗಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಉಳಿದವರು ಗಗನ ಮತ್ತು ನಯನ.

ಗಗನ ಒಂದು ಗಾಲಿಯಷ್ಟು ಮುಂದಿದ್ದಳು. ಅವಳ ಹ್ಯಾಂಡಲ್ಲು ಆ ಕಡೆ ಈ ಕಡೆ ಬಡಿದಾಡುತ್ತಿತ್ತು, ಬುಟ್ಟಿಯ ಹೂವು ಉದುರುತ್ತಿತ್ತು. ನಯನಳ ಸೈಕಲ್ಲು ನಿಂತಂತೆಯೇ ಇತ್ತು, ಆದರೆ ನಿಂತಿರಲಿಲ್ಲ. "ನಿಧಾನ! ನಿಧಾನ ಕಣೇ ನಯನಾ!" ಎಂದು ಕ್ಲಾಸಿಗೆ ಕ್ಲಾಸೇ ಕಿರುಚುತ್ತಿತ್ತು. ಮೊನ್ನೆ ನಕ್ಕವರೇ ಇವರು. ನಯನಳಿಗೆ ಮೈಯೆಲ್ಲ ಜುಮ್ಮೆಂದಿತು. ಇನ್ನೇನು, ಗೆದ್ದೇ ಬಿಟ್ಟಿದ್ದಳು.

ಆಗ ಕಾಂಪೌಂಡಿನ ಆಚೆ, ರಸ್ತೆಯಲ್ಲಿ, ಅಜ್ಜಿ ಕಂಡಳು.

ಅಜ್ಜಿಯ ಸೊಂಟದ ಮೇಲೆ ಬಿಂದಿಗೆ ಇತ್ತು. ಒಂದು ಕಡೆಗೆ ಪೂರ್ತಿ ವಾಲಿಕೊಂಡು ನಡೆಯುತ್ತಿದ್ದಳು. ಕಾಂಪೌಂಡಿನ ಮೂಲೆಯ ಕಲ್ಲಿನ ಮೇಲೆ ಬಿಂದಿಗೆ ಇಳಿಸಿ, ಒಂದು ಕೈಯನ್ನು ಗೋಡೆಗೆ ಕೊಟ್ಟು ನಿಂತಳು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಎತ್ತಿಕೊಂಡಳು.

ಆರು ಮನೆ. ಒಂದೊಂದು ಮನೆಗೆ ಒಂದೊಂದು ಬಿಂದಿಗೆ ಎಂದರೂ ಆರು ಸಲ ಹೋಗಿ ಬರಬೇಕು. ಆರು ಗಂಟೆಗೆ ಶಿವರಾಮು ಬೀಗ ಹಾಕುತ್ತಾನೆ.

ಗಗನ ಬೀಳಲಿ, ಬೇಗ ಬೀಳಲಿ ಎಂದು ನಯನ ಬೇಡಿಕೊಂಡಳು. ಗಗನ ಬೀಳಲಿಲ್ಲ. ಅವಳೂ ಹಟಮಾರಿಯೇ. ಗೆಲ್ಲಬೇಕಾದರೆ ನಯನ ಇನ್ನೂ ನಿಧಾನ ಮಾಡಬೇಕು. ಅವಳು ನಿಧಾನ ಮಾಡಿದಷ್ಟೂ ಅಜ್ಜಿ ಹೊರಬೇಕು. ಇಂಥ ಹಾಳು ಆಟವನ್ನು ಯಾರು ಕಂಡುಹಿಡಿದರೋ! ನಯನಳಿಗೆ ಅಳು ಒತ್ತರಿಸಿಕೊಂಡು ಬಂತು.

ಅಳುತ್ತಲೇ ಪೆಡಲ್ ತುಳಿದಳು. ಜೋರಾಗಿ ತುಳಿದಳು.

"ಏಯ್! ಏಯ್! ನಿಧಾನ!" ಎಂದು ಕ್ಲಾಸು ಬಾಯಿ ಬಡಿದುಕೊಂಡಿತು. ನಯನ ಗಗನಳನ್ನು ದಾಟಿ, ಸುಣ್ಣದ ಗೆರೆಯನ್ನು ದಾಟಿ, ಶಾಮಿಯಾನದ ಹಗ್ಗದ ಕೆಳಗೆ ತಲೆ ತಗ್ಗಿಸಿ, ಗೇಟಿನಿಂದ ಹೊರಗೆ ಹೋದಳು.

"ಸಾ, ಇವಳಿಗೆ ರೂಲ್ಸೇ ಗೊತ್ತಿಲ್ಲ ಸಾ!" ಎಂದ ಅಪ್ಪು.

ಅತಿಥಿಗಳು ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಾರೋ ಒಬ್ಬ ಹುಡುಗಿ ಫಸ್ಟ್ ಬಂದಳಲ್ಲ ಎಂದು ಅವರಿಗೆ ಸಂತೋಷ.

ಅಜ್ಜಿ ಅರಳಿಕಟ್ಟೆಯ ಹತ್ತಿರ ಸಿಕ್ಕಳು. ನಯನ ಬ್ರೇಕ್ ಹಿಡಿದಳು, ಸೀಟಿನ ಸ್ಪ್ರಿಂಗು ಕಿರ್ರೆಂದಿತು. ಅಜ್ಜಿ ತಿರುಗಿ ನೋಡಿದಳು. ಬೈಗುಳ ಬರುತ್ತದೆ ಎಂದು ನಯನ ಕಾದಳು.

"ಯಾಕಮ್ಮಿ, ಇಷ್ಟ್ ಬಿರ್ನೆ ಮುಗೀತಾ?"

"ಮುಗೀತು."

"ಗೆದ್ಯಾ?"

"ಇಲ್ಲ. ಫಸ್ಟ್ ಬಂದೆ."

"ಫಸ್ಟ್ ಬಂದ್ರೆ ಸೋಲಾದಾ? ಅದ್ಯಾವ್ ಸೀಮೆ ಆಟ?"

"ನಿಧಾನವಾಗಿ ಬಂದೋರೇ ಗೆಲ್ಲೋದು ಅಜ್ಜಿ."

"ಮತ್ತೆ ನಿಧಾನಕ್ ಬರಕ್ಕೇನ್ ರೋಗ ನಿಂಗೆ?"

ನಯನಳ ಕಣ್ಣು ಅಜ್ಜಿಯ ಸೊಂಟದ ಮೇಲಿತ್ತು. ಬಿಂದಿಗೆಯ ನೀರು ತುಳುಕಿ ಸೀರೆ ತೊಡೆಯವರೆಗೂ ಒದ್ದೆಯಾಗಿತ್ತು. ಅಜ್ಜಿ ಅದನ್ನು ನೋಡಿ ಸೆರಗು ಎಳೆದು ಮುಚ್ಚಿಕೊಂಡಳು.

"ಇಸ್ಕೂಲ್ ತಾವ ನನ್ ನೋಡ್ಬುಟ್ಯಾ?"

"ಹೂಂ."

"ಥೂ! ಕೆರೆ ಏರಿ ಮೇಲೆ ಓಗ್ಬೇಕಿತ್ತು. ಸುತ್ತಾಯ್ತದೆ ಅಂತ ಈ ದಾರಿ ಇಡ್ಕಂಡೆ ನೋಡು."

"ನಿಂಗೆ ಗೊತ್ತಿತ್ತಾ ಅಜ್ಜಿ?"

"ಚಿಕ್ಕಮಾದ ನಿನ್ ಕಳಿಸ್ದೇಟ್ಗೇ ಬಂದ್ ಏಳ್ದ. ಅಂವ ಟೂಬಿನ್ ಗಾಳಿಯಾದ್ರೂ ತಡಕಂಡಾನು, ಮಾತ್ ತಡಕಂಡಾನಾ? 'ಹಲಗೆ ನನ್ ಅಂಗ್ಡೀಲದೆ, ಓಗಿ ಸೈಕಲ್ ಈಸ್ಕಬರ್ಲಾ?' ಅಂದ. ನಾನೇ ಬ್ಯಾಡ ಬುಡ್ಲಾ ಅಂದೆ."

"ಯಾಕೆ?"

"ಯಾಕೆ ಅಂದ್ರೆ? ಎಲ್ರ ಮನೆ ಸೈಕಲ್ಲೂ ಬೇಡ್ಕಂಡ್ ಬೇಡ್ಕಂಡ್ ಓಡಿಸ್ತೀಯ. ನಂಗ್ ಕಾಣಕಿಲ್ವಾ? ಒಂದಿನ ನಮ್ಮನೇದ್ ಓಡಿಸ್ಕಳ್ಲಿ ಅಂತ ಸುಮ್ಕಿದ್ದೆ." ಅಜ್ಜಿ ಬಿಂದಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಈಗೇನಾಯ್ತು? ನಾನ್ ನೀರ್ ಒತ್ತಿದ್ದೂ ದಂಡ, ನೀನ್ ಸೋತಿದ್ದೂ ದಂಡ. ಅಜ್ಜಿಗ್ ತಕ್ಕ ಮೊಮ್ಮಗಳು!"

ನಯನ ಜೋರಾಗಿ ಅತ್ತುಬಿಟ್ಟಳು. ಅಜ್ಜಿ ಸಮಾಧಾನ ಮಾಡಲಿಲ್ಲ. ಒದ್ದೆ ಸೆರಗಿನಿಂದ ಅವಳ ಮೂಗನ್ನು ಒರೆಸಿ, "ಅಳಾದ್ ಆಮೇಕ್ ಅಳ್ವಂತೆ, ಸಿವ್ರಾಮ ಬೀಗ ಆಕ್ತಾನೆ ನಡಿ" ಎಂದಳು.

ಎರಡು ಮನೆಗೆ ಆಗಿತ್ತು, ಕಟ್ಟೆಯ ಮೇಲಿನ ಬಿಂದಿಗೆ ಮೂರನೆಯ ಮನೆಯದು. ಉಳಿದದ್ದು ಮೂರು. ಫಿಲ್ಟರ್ ಹತ್ತಿರ ಶಿವರಾಮು ಬೀಗವನ್ನು ಕೈಯಲ್ಲಿ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದ. ಆ ಬಿಂದಿಗೆ ಕೊಟ್ಟು ಬರುವಾಗ ಮನೆಯಿಂದ ಖಾಲಿ ಕ್ಯಾನುಗಳನ್ನು ತಂದಿದ್ದರು. ಎರಡನ್ನು ತುಂಬಿ ಕೊಕ್ಕೆಗೆ ನೇತು ಹಾಕಿದರು. ಮೂರನೆಯದಕ್ಕೆ ಹಲಗೆಯೇ ಇಲ್ಲ. ಸೀಟಿನ ಮೇಲಿಟ್ಟರೆ ಒಂದು ಗಳಿಗೆ ನಿಂತು, ಜಾರಿ, ಬೀಳುವುದಕ್ಕೇ ಹುಟ್ಟಿದಂತೆ ಬಿತ್ತು.

"ನಮ್ಮನೇದು ಇರ್ಲಿ ಬುಡು. ರಾತ್ರಿಗೆ ಬೋರ್ ನೀರ್ ಕಾಯ್ಸ್‌ಕಂಡ್ ಕುಡ್ಯವ" ಎಂದಳು ಅಜ್ಜಿ. ಸೈಕಲ್ಲಿನ ಎಡಗಡೆಗೆ ಬಂದು ಹಿಡಿಗೆ ಕೈ ಹಾಕಿದಳು.

"ನಾನ್ ತಳ್ತೀನಿ" ಎಂದು ನಯನ ಮುಂದೆ ಬಂದಳು.

"ನಿನ್ ಕೈಲಾಗಕಿಲ್ಲ ಕಣಮ್ಮಿ."

"ತಳ್ತೀನಿ ಅಂದ್ನಲ್ಲ."

ಅಜ್ಜಿ ಬಿಟ್ಟಳು. ಹಿಂದಿನಿಂದ ಕ್ಯಾರಿಯರ್ ಹಿಡಿದುಕೊಂಡಳು.

ಖಾಲಿ ಸೈಕಲ್ ತಳ್ಳುವುದು ಬೇರೆ. ನಲವತ್ತು ಲೀಟರ್ ನೀರು ನೇತಾಡುವ ಸೈಕಲ್ ತಳ್ಳುವುದು ಬೇರೆ. ಅದು ಆ ಕಡೆ ಬೀಳುತ್ತೇನೆ ಎಂದಿತು, ಹಿಡಿದು ಎಳೆದರೆ ಮೈಮೇಲೆಯೇ ಬಂತು. ಬೀಳಿಸದೆ ತಳ್ಳಬೇಕಾದರೆ ಸೈಕಲ್ಲಿಗೆ ಪೂರ್ತಿ ಅಂಟಿಕೊಂಡು ನಡೆಯಬೇಕು. ನಯನ ಅಂಟಿಕೊಂಡಳು. ಒಂದು ಹೆಜ್ಜೆ, ಎರಡು ಹೆಜ್ಜೆ.

ಮೂರನೆಯ ಹೆಜ್ಜೆಗೆ ಪೆಡಲ್ಲು ಠಪ್ ಎಂದು ಕಣಕಾಲಿನ ಮೂಳೆಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಕಾಲಿನಿಂದ ಅದನ್ನು ಮೇಲಕ್ಕೆ ತಿರುಗಿಸಿದಳು. ಮೇಲಿದ್ದದ್ದು ಮಂಡಿಗೆ ಬಡಿಯಿತು. ಕೆಳಕ್ಕೆ ತಿರುಗಿಸಿದಳು. ಪಾದದ ಗಂಟಿಗೆ ಬಡಿಯಿತು. ದೂರ ಸರಿದು ನಡೆದರೆ ಸೈಕಲ್ಲು ವಾಲಿತು, ಹತ್ತಿರ ಬಂದರೆ ಮತ್ತೆ ಠಪ್.

ಹಿಂದಿನಿಂದ ಅಜ್ಜಿ ಎಲ್ಲ ನೋಡುತ್ತಿದ್ದಳು.

"ಮೊದ್ಲು ಒಂದ್ ತಿಂಗ್ಳು ನಾನೂ ಅಂಗೇ ತಳ್ಳಿದ್ದೆ" ಎಂದಳು. "ನಿಮ್ ತಾತ ಆಸೆ ಪಟ್ಟು ತಂದಿದ್ ಸೈಕಲ್ಲು. ಪೆಡಲ್ ಬಿಚ್ಚಾಕಕ್ಕೆ ಮನಸ್ ಬರ್ಲಿಲ್ಲ."

ನಯನ ತಳ್ಳುತ್ತಲೇ ಹಿಂದೆ ತಿರುಗಿ ಕೆಳಗೆ ನೋಡಿದಳು. ಒದ್ದೆ ಸೀರೆಯನ್ನು ಎತ್ತಿ ಸಿಕ್ಕಿಸಿದ್ದ ಅಜ್ಜಿಯ ಕಣಕಾಲಿನ ಮೇಲೆ ಉದ್ದಕ್ಕೂ ಕಪ್ಪು ಕಲೆಗಳಿದ್ದವು. ವಯಸ್ಸಾದವರ ಕಾಲು ಹಾಗೇ ಇರುತ್ತದೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳು.

ಶಾಲೆ ಬಿಟ್ಟ ಮಕ್ಕಳು ಎದುರಿಗೆ ಬಂದರು. ಗಗನಳ ಬುಟ್ಟಿಯಲ್ಲಿ ಬಹುಮಾನದ ಸ್ಟೀಲ್ ತಟ್ಟೆ ಇತ್ತು. ಅದರಲ್ಲಿ ಅತಿಥಿಗಳ ಹೆಸರು ದೊಡ್ಡದಾಗಿಯೂ ಶಾಲೆಯ ಹೆಸರು ಚಿಕ್ಕದಾಗಿಯೂ ಕೆತ್ತಿತ್ತು, ಗೆದ್ದವರ ಹೆಸರಿಗೆ ಜಾಗ ಉಳಿದಿರಲಿಲ್ಲ. ಗಗನ ಕ್ಯಾನುಗಳನ್ನೂ ನಯನಳ ಮುಖವನ್ನೂ ನೋಡಿದಳು. ಸೈಕಲ್ಲನ್ನು ಪಕ್ಕಕ್ಕೆ ಎಳೆದು ದಾರಿ ಬಿಟ್ಟಳು.

ನೀರು ಹಾಕಿ ಮುಗಿಯುವಾಗ ಹೊತ್ತು ಮುಳುಗುತ್ತಿತ್ತು. ಅಜ್ಜಿ ಜಗಲಿಯ ಮೇಲೆ ಕುಳಿತು ಸೊಂಟ ಒತ್ತಿಕೊಂಡಳು.

"ಆ ಪೆಡಲ್ ಬಿಚ್ಚಿಸ್ಬ್ಯಾಡ, ಇರ್ಲಿ ಬುಡು" ಎಂದಳು. "ಇಸ್ಕೂಲ್ಗೆ ಅದ್ರಲ್ಲೇ ಓಗ್ಬರೀವಂತೆ. ಸೀಟ್ ಇದ್ರೂ ಎರಡ್ ಕ್ಯಾನ್ ತರ್ಬೋದು. ಎರಡ್ ಸಲ ಓಗ ಜಾಗ್ದಲ್ಲಿ ಮೂರ್ ಸಲ ಓದ್ರಾಯ್ತು. ನಂಗೇನು, ರೂಢಿ ಆಯ್ತದೆ."

ನಯನ ಗೋಡೆಗೆ ಒರಗಿದ್ದ ಸೈಕಲ್ಲನ್ನು ನೋಡಿದಳು. ಸೀಟು, ಚೈನು, ಪೆಡಲ್ಲು, ಎಲ್ಲ ಇದ್ದ ಸೈಕಲ್ಲು. ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ತೆಗೆದುಕೊಂಡು ರಸ್ತೆಗೆ ಬಂದಳು. ಹತ್ತಲಿಲ್ಲ, ತಳ್ಳಿಕೊಂಡೇ ಹೋದಳು.

ಚಿಕ್ಕಮಾದು ಅಂಗಡಿ ಮುಚ್ಚಲು ಗಾಳಿ ಪಂಪನ್ನು ಒಳಗೆ ಇಡುತ್ತಿದ್ದ.

"ಬಿಚ್ಚಣ್ಣ ಇದ್ನ. ಹಲಗೆ ಕೂರಿಸು."

"ಯಾಕಮ್ಮಿ? ನಂಗೇನ್ ಅರ್ಜೆಂಟ್ ಇಲ್ಲ, ಆ ಸಾಮಾನು ಗುಜ್ರಿಗೆ ಓಗ್ಬೇಕಿದ್ದಿದ್ದು. ಇಟ್ಕೊ, ಓಡಿಸ್ಕೊ."

"ಬೇಡ."

"ಅದೇ ಯಾಕೆ ಅಂತ?"

ನಯನ ಕಾಲುಚೀಲವನ್ನು ಮಂಡಿಯವರೆಗೂ ಎಳೆದುಕೊಂಡಳು.

"ತಾಗ್ತದೆ" ಎಂದಳು.

ಚಿಕ್ಕಮಾದು ಸ್ಪ್ಯಾನರ್ ತೆಗೆದುಕೊಂಡು ಎಡಗಡೆಯಿಂದ ಶುರು ಮಾಡಿದ. ನಯನ ಸೈಕಲ್ಲು ಅಲ್ಲಾಡದಂತೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು.